ಸುಮಂಗಲಾ ಬರೆದುಕೊಟ್ಟ ತಾಲೀಮು

ಕುಷ್ಟಗಿಯ ಹೈಸ್ಕೂಲಿನ ದೈಹಿಕ ಶಿಕ್ಷಕಿ ಸುಮಂಗಲಾಗೆ ಅಫ್ಸಾನಾಳ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು ಸೆಪ್ಟೆಂಬರಿನ ಎರಡನೇ ಭಾನುವಾರ. ಅಂದು ಬೆಳಿಗ್ಗೆ ಇಬ್ಬರೂ ಹೈವೇ ಹಿಡಿದು ಹಿಟ್ನಾಳದವರೆಗೆ ಸೈಕಲ್ ತುಳಿದು, ತಿರುಗಿ ಊರಿಗೆ ಬಂದಿದ್ದರು. ಹತ್ತಿರ ಹತ್ತಿರ ನೂರು ಕಿಲೋಮೀಟರು. ಸುಮಂಗಲಾ ಹತ್ತು ನಿಮಿಷ ಮೊದಲೇ ಬಂದು, ಹಿಂದೆ ಬೀಳುವವರನ್ನು ಕಾಯುವ ಸುಖದಲ್ಲಿ ನೀರು ಕುಡಿಯುತ್ತ ನಿಂತಿದ್ದಳು. ಅಫ್ಸಾನಾ ಬಂದ ಮೇಲೆ ಇಬ್ಬರೂ ಸೈಕಲ್ ಗೋಡೆಗೆ ಒರಗಿಸಿ, ಬೂಟು ಬದಲಿಸಿ, ತಾವರಗೇರಾ ರಸ್ತೆಗೆ ಓಡತೊಡಗಿದರು.

ಅಷ್ಟು ದೂರ ಸೈಕಲ್ ತುಳಿದು ಇಳಿದವರಿಗೆ ಮೊದಲ ಎರಡು ಕಿಲೋಮೀಟರು ತಮ್ಮ ಕಾಲು ತಮ್ಮದಲ್ಲ ಎನಿಸುತ್ತದೆ. ತೊಡೆ ಕಟ್ಟಿಗೆಯಂತೆ ಬಿಗಿಯುತ್ತದೆ. ಸುಮಂಗಲಾಗೂ ಹಾಗೇ ಆಯಿತು. ಅಫ್ಸಾನಾ ಮಾತ್ರ ಜೋಳದ ಹೊಲದ ಬಗ್ಗೆ ಏನೋ ಮಾತಾಡುತ್ತಲೇ ಅವಳನ್ನು ದಾಟಿ ಹೋದಳು. ಮಾತು ಮುಗಿಯುವಷ್ಟರಲ್ಲಿ ಅವಳ ಬೆನ್ನು ಐವತ್ತು ಹೆಜ್ಜೆ ಮುಂದಿತ್ತು.

ಹಿಂದೆ ಬೀಳುವುದು ಸುಮಂಗಲಾಗೆ ರೂಢಿಯಿರಲಿಲ್ಲ. ವಿಜಯಪುರದ ಕ್ರೀಡಾ ಹಾಸ್ಟೆಲಿನಲ್ಲಿ ಬೆಳೆದವಳು, ಹತ್ತೊಂಬತ್ತಕ್ಕೇ ರಾಜ್ಯಮಟ್ಟದ ಸೈಕ್ಲಿಂಗಿನಲ್ಲಿ ಬೆಳ್ಳಿ ಪದಕ ತಂದವಳು. ಆಮೇಲೆ ನೌಕರಿ, ಮದುವೆ, ಇಬ್ಬರು ಮಕ್ಕಳು. ಸೈಕಲ್ ಹದಿನೈದು ವರ್ಷ ಅಟ್ಟದ ಮೇಲಿತ್ತು. ನಲವತ್ತು ತುಂಬಿದ ವರ್ಷ ಅದನ್ನು ಕೆಳಗಿಳಿಸಿ ಮತ್ತೆ ತುಳಿಯತೊಡಗಿದಾಗ ಊರು ನಕ್ಕಿತು, ಆಮೇಲೆ ಹೊಗಳಿತು. ಆ ಹೊಗಳಿಕೆಯನ್ನು ಕೇಳಿಯೇ ಅಫ್ಸಾನಾ ಅವಳ ಮನೆಯ ಬಾಗಿಲಿಗೆ ಬಂದದ್ದು. ದರ್ಜಿ ಮೆಹಬೂಬಸಾಬನ ಮಗಳು, ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ, ವಯಸ್ಸು ಇಪ್ಪತ್ತೊಂಬತ್ತು. ಗೇರ್ ಬದಲಿಸುವುದನ್ನು ಅವಳಿಗೆ ಕಲಿಸಿದ್ದು ಸುಮಂಗಲಾ. ಈಜು ಕಲಿಸಿದ್ದೂ ಅವಳೇ, ಗಂಡ ರವಿಕುಮಾರನ ದಾಳಿಂಬೆ ತೋಟದ ಕೃಷಿ ಹೊಂಡದಲ್ಲಿ. ಕರಾವಳಿಯಲ್ಲಿ ಫೆಬ್ರವರಿಗೆ ನಡೆಯಲಿದ್ದ ಟ್ರಯಥ್ಲಾನಿಗೆ ಇಬ್ಬರ ಹೆಸರನ್ನೂ ಬರೆಸಿದ್ದೂ ಅವಳೇ. ಸುಮಾರು ಎರಡು ಕಿಲೋಮೀಟರು ಸಮುದ್ರದಲ್ಲಿ ಈಜು, ತೊಂಬತ್ತು ಸೈಕಲ್, ಇಪ್ಪತ್ತೊಂದು ಓಟ. ಓಡುವುದನ್ನು ಮಾತ್ರ ಅಫ್ಸಾನಾಗೆ ಯಾರೂ ಕಲಿಸಿರಲಿಲ್ಲ. ಸುಮಂಗಲಾಳನ್ನು ಸುಟ್ಟದ್ದು ಅದೇ.

ಆ ಭಾನುವಾರದ ನಂತರ ಅವಳಿಗೆ ಎದ್ದ ಕೂಡಲೇ ಮೊಬೈಲು ನೋಡುವ ಚಟ ಹತ್ತಿತು. ಹಲ್ಲುಜ್ಜುವ ಮುಂಚೆಯೇ, ಹಿಂದಿನ ದಿನ ಅಫ್ಸಾನಾ ಎಷ್ಟು ಓಡಿದಳು, ಎಷ್ಟು ನಿಮಿಷಕ್ಕೆ ಓಡಿದಳು ಎಂದು, ಇಬ್ಬರೂ ತಮ್ಮ ಓಟ ದಾಖಲಿಸುವ ಆ್ಯಪಿನಲ್ಲಿ ಹುಡುಕುವಳು. ಕಡಿಮೆ ಇದ್ದರೆ ಚಹಾ ರುಚಿಸುತ್ತಿತ್ತು. ಶಾಲೆಯ ಹುಡುಗಿಯರು ಕ್ರೀಡಾ ದಿನಕ್ಕೆ ಅಫ್ಸಾನಾ ಅಕ್ಕನನ್ನೂ ಕರೆಯೋಣ ಎಂದಾಗ, ಅವಳಿಗೆ ರಜೆ ಸಿಗುವುದಿಲ್ಲ ಎಂದು ಕೇಳದೆಯೇ ಹೇಳಿಬಿಟ್ಟಳು.

ಅಕ್ಟೋಬರಿನ ಮೊದಲ ವಾರ ಅಫ್ಸಾನಾ ಒಂದು ನೋಟ್‌ಬುಕ್ಕು ಹಿಡಿದು ಬಂದಳು.

"ಅಕ್ಕಾರ, ವಾರದಾಗ ಎಷ್ಟ್ ದಿನಾ ಓಡ್ಲಿ, ಎಷ್ಟ್ ದಿನಾ ಸೈಕಲ್ ಹೊಡೀಲಿ? ನೀವ ಬರದು ಕೊಡ್ರಿ. ಹಂಗ ಮಾಡ್ತೀನಿ."

ಮೂರು ದಿನ ಅದು, ಮೂರು ದಿನ ಇದು, ಒಂದು ದಿನ ವಿಶ್ರಾಂತಿ. ಸುಮಂಗಲಾ ಸರಿಯೆಂದು ನಂಬಿದ್ದ ಲೆಕ್ಕ ಅದು. ಪೆನ್ನು ಹಿಡಿದಾಗ ಅದು ತಲೆಯಲ್ಲಿ ಸ್ಪಷ್ಟವಾಗಿಯೇ ಇತ್ತು. ಆದರೆ ಕೈ ಬರೆದದ್ದು ಬೇರೆ: ಓಟ ಎರಡೇ ದಿನ, ಸೈಕಲ್ ನಾಲ್ಕು ದಿನ.

"ನಿನ್ನ ಓಟ ಛಲೋನ ಐತಿ," ಎಂದಳು. "ಅದನ್ನ ಹೆಚ್ಚ ಮುಟ್ಟಬ್ಯಾಡ. ಸೈಕಲ್ ಕಡೆ ಲಕ್ಷ್ಯ ಕೊಡು."

ಅಫ್ಸಾನಾ ತಲೆಯಾಡಿಸಿ ಹೋದಳು. ಓಟ ಕಡಿಮೆಯಾದರೆ ಅವಳ ಕಾಲು ತುಕ್ಕು ಹಿಡಿಯುತ್ತದೆ, ಸೈಕಲಿನಲ್ಲಂತೂ ಅವಳು ತನ್ನನ್ನು ಹಿಡಿಯುವವಳಲ್ಲ ಎಂದು ಸುಮಂಗಲಾ ಎಣಿಸಿದ್ದಳು. ಶಾಲೆಯ ಆಟೋಟಗಳು ಶುರುವಾಗಿವೆ, ಇನ್ನು ಡಿಸೆಂಬರಿನವರೆಗೆ ಒಟ್ಟಿಗೆ ತಾಲೀಮು ಆಗುವುದಿಲ್ಲ ಎಂದು ಫೋನಿನಲ್ಲಿ ತಿಳಿಸಿದಳು. ತಾನು ಮಾತ್ರ ವಾರಕ್ಕೆ ಆರು ದಿನ ಓಡತೊಡಗಿದಳು.

ನಸುಕಿನಲ್ಲಿ ಎದ್ದು ಯಲಬುರ್ಗಾ ರಸ್ತೆ ಹಿಡಿಯುವಳು. ಪ್ರತಿ ಹೆಜ್ಜೆಗೂ ಮುಂದೆ ಅಫ್ಸಾನಾಳ ಆ ಬೆನ್ನೇ ಕಂಡಂತಾಗುತ್ತಿತ್ತು. ನವೆಂಬರಿನ ನಡುವೆ ಬಲ ಮೊಣಕಾಲಿನ ಕೆಳಗಿನ ಎಲುಬಿನ ಒಳಬದಿಗೆ ಒಂದು ನೋವು ಕಾಣಿಸಿತು. ಬೆರಳಿಟ್ಟರೆ ಚುಚ್ಚುವಂಥದು. ತನ್ನ ವಿದ್ಯಾರ್ಥಿನಿಗೆ ಹಾಗಾಗಿದ್ದರೆ ಹದಿನೈದು ದಿನ ಓಡಬೇಡ, ಸೈಕಲ್ ತುಳಿ ಎಂದು ಗದರಿಸುತ್ತಿದ್ದಳು. ತಾನು ಮಾತ್ರ ಮುಲಾಮು ಹಚ್ಚಿಕೊಂಡು ಓಡಿದಳು. ಅವಳು ಗೋಡೆ ಹಿಡಿದು ಮೆಟ್ಟಿಲಿಳಿಯುವುದನ್ನು ಒಂದು ದಿನ ರವಿಕುಮಾರ ನೋಡಿದ.

"ಸೈಕಲ್ ಮ್ಯಾಲ ಧೂಳ ಕುಂತೈತಿ," ಎಂದ. "ಯಾರ ಮ್ಯಾಲಿನ ಸಿಟ್ಟಿಗೆ ಇಷ್ಟ್ ಓಡಾಕತ್ತಿ?"

ಯಾರ ಮೇಲೂ ಇಲ್ಲ ಎಂದಳು.

ಡಿಸೆಂಬರಿನ ಕೊನೆಗೆ ಇಬ್ಬರೂ ಮತ್ತೆ ಹಿಟ್ನಾಳದ ದಾರಿ ಹಿಡಿದರು. ಹೋಗುವಾಗ ಎದುರುಗಾಳಿ. ಅಫ್ಸಾನಾ ಸುಮಂಗಲಾಳ ಹಿಂದಿನ ಗಾಲಿಗೆ ಅಂಟಿಕೊಂಡೇ ಬಂದಳು. ಬರುವಾಗ, ಕುಷ್ಟಗಿ ಇನ್ನೂ ಇಪ್ಪತ್ತು ಕಿಲೋಮೀಟರು ಇದೆ ಎನ್ನುವಾಗ, ಪಕ್ಕಕ್ಕೆ ಸರಿದು ಮುಂದೆ ಹೋದಳು. ಸೈಕಲ್ಲಿಳಿದ ಮೇಲೆ ಅವಳ ಓಟವೂ ಹಗುರವಾಗಿತ್ತು. ಆದದ್ದೇನೆಂದು ಸುಮಂಗಲಾಗೆ ಅಲ್ಲೇ ತಿಳಿಯಿತು. ಮೂರು ತಿಂಗಳ ಸೈಕಲ್ಲು ಅಫ್ಸಾನಾಳ ಉಸಿರನ್ನೂ ತೊಡೆಯನ್ನೂ ಗಟ್ಟಿ ಮಾಡಿತ್ತು, ಎಲುಬಿಗೆ ಏಟು ಬೀಳದಂತೆ. ಕೆಡಿಸಲೆಂದು ಬರೆದುಕೊಟ್ಟದ್ದು ಅವಳ ಮೈಗೆ ಹಿಡಿದಿತ್ತು.

ಫೆಬ್ರವರಿಯಲ್ಲಿ ಸಮುದ್ರದ ಉಪ್ಪು ನೀರು ಕುಡಿಯುತ್ತಲೇ ಇಬ್ಬರೂ ಈಜಿ ದಡ ಸೇರಿದರು. ಸೈಕಲಿನಲ್ಲಿ ಸುಮಂಗಲಾ ಹಳೆಯ ಹಟವನ್ನೆಲ್ಲ ಹಾಕಿ ನಾಲ್ಕು ನಿಮಿಷ ಮುಂದಾದಳು. ಓಟದ ಏಳನೇ ಕಿಲೋಮೀಟರಿಗೆ ಕಾಲು ನೆಲಕ್ಕೆ ಊರಲು ಬಾರದಾಯಿತು. ಕುಂಟುತ್ತ ನಡೆಯುವಾಗ ಹಿಂದಿನಿಂದ ಪರಿಚಿತ ಹೆಜ್ಜೆ ಸಪ್ಪಳ ಬಂದು, ಪಕ್ಕದಲ್ಲಿ ನಿಂತಿತು.

"ಏನಾತ್ರಿ ಅಕ್ಕಾರ?"

ಹೋಗು ಎನ್ನಬೇಕಿತ್ತು. ಸುಮಂಗಲಾ ಎನ್ನಲಿಲ್ಲ. ಅಫ್ಸಾನಾ ಬಗ್ಗಿ ಅವಳ ಕಾಲು ಮುಟ್ಟಿ ನೋಡಿದಳು, ತನ್ನ ನೀರು ಕುಡಿಸಿದಳು, ಭುಜ ಕೊಟ್ಟು ರಸ್ತೆಯ ಬದಿಯ ನೆರಳಿಗೆ ಕರೆದೊಯ್ದಳು. ಅಫ್ಸಾನಾಳ ನಿಮಿಷಗಳು ಸೋರುತ್ತಿರುವುದು ಸುಮಂಗಲಾಗೆ ಗೊತ್ತಿತ್ತು, ಸೋರಲಿ ಎನ್ನುವ ಆಸೆಯೂ ಇತ್ತು. ಕೊನೆಗೆ ತನಗೇ ಅಸಹ್ಯವೆನಿಸಿ, "ನೀ ಹೋಗು," ಎಂದಳು. ಅಫ್ಸಾನಾ ಪೂರ್ತಿ ಓಡಿ ಮುಗಿಸಿದಳು. ಸುಮಂಗಲಾ ಸ್ವಯಂಸೇವಕರ ಜೀಪಿನಲ್ಲಿ ಬಂದಳು. ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು, ಆರು ವಾರ ಓಡಬಾರದು ಎಂದರು ಡಾಕ್ಟರು.

ಮಾರ್ಚಿನಲ್ಲಿ ಶಾಲೆಯವರು ಅಫ್ಸಾನಾಗೆ ಸನ್ಮಾನ ಇಟ್ಟರು. ಅವಳು ಮೈಕು ಹಿಡಿದು, ತಾನು ಏನೂ ಮಾಡಿಲ್ಲ, ಅಕ್ಕಾರು ಬರೆದುಕೊಟ್ಟ ಹಾಗೆ ನಡೆದೆ ಅಷ್ಟೇ ಎಂದು ಹೇಳಿ, ತನ್ನ ಕೊರಳಿನ ಹಾರ ತೆಗೆದು ಸುಮಂಗಲಾಗೆ ಹಾಕಿದಳು. ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ಸೋತದ್ದಕ್ಕಿಂತ ಆ ಹಾರ ಅವಳಿಗೆ ಹೆಚ್ಚು ಭಾರವಾಯಿತು. ಈ ಹುಡುಗಿ ಕೃತಜ್ಞತೆಯಲ್ಲೂ ತನ್ನನ್ನು ಮೀರಿಸುತ್ತಿದ್ದಾಳೆ ಎಂಬ ಉರಿ ಬೇರೆ.

ಕಾರ್ಯಕ್ರಮ ಮುಗಿದು ಜನ ಚದುರಿದ ಮೇಲೆ, ಆಟದ ಸಾಮಾನಿನ ಕೋಣೆಯಲ್ಲಿ ಸುಮಂಗಲಾ ಹೇಳಿಬಿಟ್ಟಳು. "ನೀ ಹಿಂದ ಬೀಳ್ಲಿ ಅಂತ ಹಂಗ ಬರದಿದ್ದೆ. ಛಲೋ ಆಗ್ಲಿ ಅಂತಲ್ಲ."

ಅಫ್ಸಾನಾ ಬಾಗಿಲಿನತ್ತ ಎರಡು ಹೆಜ್ಜೆ ಇಟ್ಟು ತಿರುಗಿದಳು.

"ನಾ ಆ ಹಾಳಿ ಗ್ವಾಡಿಗೆ ಅಂಟಿಸ್ಕೊಂಡಿದ್ದೆನ್ರಿ," ಎಂದಳು. ಹೊರಟುಹೋದಳು.

ಐದು ವಾರ ಅವಳ ಸುದ್ದಿಯಿಲ್ಲ. ಆ್ಯಪಿನಲ್ಲಿ ಅವಳ ಓಟವೂ ಕಾಣದಂತಾಯಿತು. ಸುಮಂಗಲಾ ಮಾತ್ರ ದಿನಾ ಬೆಳಿಗ್ಗೆ ನೋಡುವುದನ್ನು ಬಿಡಲಿಲ್ಲ. ಏಪ್ರಿಲ್ ಕೊನೆಯ ಒಂದು ಮುಂಜಾನೆ ಅವಳು ತೋಟಕ್ಕೆ ಹೋದಾಗ, ಅಫ್ಸಾನಾ ಹೊಂಡದ ಏರಿಯ ಮೇಲೆ ಕೂತಿದ್ದಳು. ರವಿಕುಮಾರನನ್ನು ಕೇಳಿಯೇ ಬಂದಿದ್ದಳಂತೆ.

"ಈಜಾಕ ಬಂದೀನ್ರಿ," ಎಂದಳು. "ಈ ವರ್ಷದ್ದು ನಾನ ಬರ್ಕೊಂಡೀನಿ." ಹಾಳೆ ತೋರಿಸಿದಳು.

ಓಟ ಮೂರು ದಿನ, ಸೈಕಲ್ ನಾಲ್ಕು ದಿನ. ವಿಶ್ರಾಂತಿ ಇರಲಿಲ್ಲ. ಹೀಗೇ ನಡೆದರೆ ಜುಲೈಯೊಳಗೆ ಇವಳ ಕಾಲೂ ಹೋಗುತ್ತದೆ ಎಂದು ಸುಮಂಗಲಾ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಸಾಕಿತ್ತು. ಹಾಳೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡಳು.

"ಒಂದ್ ದಿನಾ ಖಾಲಿ ಬಿಡು," ಎಂದಳು ಕೊನೆಗೆ. "ಎಲುಬು ಕೂಡಾಕ ಟೈಮ್ ಬೇಕು."

ಅಫ್ಸಾನಾ ಅವಳ ಮುಖವನ್ನು ದಿಟ್ಟಿಸಿದಳು, ಈ ಮಾತಿನಲ್ಲಿ ಏನಿದೆ ಎಂದು ಹುಡುಕುವಂತೆ. "ವಿಚಾರ ಮಾಡ್ತೀನ್ರಿ," ಎಂದು ಹಾಳೆ ಮಡಚಿಟ್ಟು ನೀರಿಗಿಳಿದಳು. ಅವಳ ಕೈ ಬೀಸು ಹೋದ ವರ್ಷಕ್ಕಿಂತ ಉದ್ದವಾಗಿತ್ತು. ಸುಮಂಗಲಾಳ ಎದೆಯಲ್ಲಿ ಚುರುಕ್ಕೆಂದಿತು. ಅವಳೂ ಚಪ್ಪಲಿ ಬಿಟ್ಟು ನೀರಿಗಿಳಿದಳು.