ಪ್ರಮೀಳಾಳ ಕಣ್ಣುರಿ

ಟಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ನಾವು ಹನ್ನೊಂದು ಹೆಂಗಸರು ಹಣ್ಣು ಆರಿಸುತ್ತೇವೆ. ಕಡ್ಡಿ ಬೇರೆ, ಕಪ್ಪು ಬೇರೆ, ಒಳ್ಳೆಯದು ಬೇರೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ನಾನು ಮೂಲೆಯಲ್ಲಿ ಬಟ್ಟೆ ಹಾಸಿ ನಮಾಜು ಮಾಡಿ ಬರುತ್ತೇನೆ. ಮುರಿಗೆವ್ವ ಕೈ ತೊಳೆದು ವಿಭೂತಿ ಹಚ್ಚಿಕೊಳ್ಳದೆ ರೊಟ್ಟಿ ಮುರಿದವಳಲ್ಲ. ಯಾರೂ ಯಾರನ್ನೂ ಏನೂ ಅನ್ನುವುದಿಲ್ಲ. ಅಂಥ ಜಾಗದಲ್ಲಿ ಕೂತು ಪ್ರಮೀಳಾ ಏಳು ವರ್ಷ ಸುಳ್ಳು ಹೇಳಿದಳಲ್ಲ, ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಸಿಟ್ಟಿನ ಹಿಂದೆಯೇ ಅಳುವೂ ಬರುತ್ತದೆ.

ಕೆಲಸಕ್ಕೆ ಬಂದ ಮೊದಲ ದಿನ ಅವಳು ಬುತ್ತಿ ಮುಂದಿಟ್ಟುಕೊಂಡು ಕಣ್ಣು ಮುಚ್ಚಿದಳು. ಪಕ್ಕದಲ್ಲಿದ್ದ ಮುರಿಗೆವ್ವ ಕೇಳಿದಳು.

"ಯಾಕ ಬೇ, ಕಣ್ಣ ಯಾಕ ಮುಚ್ಚಿದಿ?"

ಪ್ರಮೀಳಾ ಬೆಚ್ಚಿಬಿದ್ದಳು. "ಏನಿಲ್ಲ ಅಕ್ಕಾ. ಗಂಧಕದ ಹೊಗಿಗೆ ಕಣ್ಣ ಉರಿಯಾಕತ್ತಾವ."

ಹಣ್ಣು ಬಣ್ಣಗೆಡದಿರಲೆಂದು ಗೋಡೆಯ ಆಚೆ ಗಂಧಕದ ಹೊಗೆ ಕೊಡುತ್ತಾರೆ. ನಮ್ಮೆಲ್ಲರ ಕಣ್ಣೂ ಒಮ್ಮೊಮ್ಮೆ ಉರಿಯುತ್ತವೆ. ಆದ್ದರಿಂದ ನಂಬಿದೆವು.

ಅವಳು ಕ್ರೈಸ್ತಳು, ಊಟಕ್ಕೆ ಮುಂಚೆ ಯೇಸುವಿಗೆ ಕೃತಜ್ಞತೆ ಹೇಳುತ್ತಿದ್ದಳು ಎನ್ನುವುದು ನಮಗೆ ಗೊತ್ತಾಗಿದ್ದು ಬಹಳ ತಡವಾಗಿ. ಅವಳ ಅಪ್ಪ ಬಬಲೇಶ್ವರದಲ್ಲಿ ಮನೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದನಂತೆ. ಯಾರದೋ ಮನೆಯ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಕಣ್ಣು ಮುಚ್ಚಿ ಗಟ್ಟಿಯಾಗಿ ಪ್ರಾರ್ಥನೆ ಹೇಳಿದ. "ನಮ್ಮನ್ನ ಕೆಡಸಾಕ ಬಂದಾನ" ಎಂದು ಒಬ್ಬ ಎದ್ದ. ಅವನ ಹಿಂದೆ ಇಡೀ ಪಂಕ್ತಿ ಎದ್ದಿತು. ಬಡಿಸಿದ ಎಲೆಗಳ ನಡುವೆ ಅಪ್ಪ ಮಗಳು ಇಬ್ಬರೇ ಉಳಿದರು. ಪ್ರಮೀಳಾಗೆ ಆಗ ಒಂಬತ್ತು ವರ್ಷ. ಆ ಎಲೆಗಳ ಖಾಲಿ ಸಾಲು ಅವಳ ಕಣ್ಣ ಮುಂದಿನಿಂದ ಯಾವತ್ತೂ ಹೋಗಲಿಲ್ಲ.

ಮುರಿಗೆವ್ವನೋ, ಒಬ್ಬರ ನೋವು ಕಿವಿಗೆ ಬಿದ್ದರೆ ಸುಮ್ಮನಿರುವ ಜೀವವಲ್ಲ. ಮರುದಿನವೇ ಹರಳೆಣ್ಣೆ ತಂದು ಪ್ರಮೀಳಾಳ ನೆತ್ತಿಗೆ ತಟ್ಟಿದಳು. ಬಾಗಿಲ ಬಳಿಯ ಗಾಳಿಯ ಜಾಗ ಮುರಿಗೆವ್ವನದಾಗಿತ್ತು. ಅದನ್ನು ಪ್ರಮೀಳಾಗೆ ಬಿಟ್ಟುಕೊಟ್ಟು ತಾನು ಹೊಗೆ ಬರುವ ಗೋಡೆಯ ಕಡೆ ಹೋಗಿ ಕೂತಳು. ಸಣ್ಣ ಕಡ್ಡಿ ಹುಡುಕಿದರೆ ಕಣ್ಣಿಗೆ ತ್ರಾಸಾಗುತ್ತದೆಂದು ಅವಳ ಬುಟ್ಟಿಯನ್ನೂ ತಾನೇ ಆರಿಸಿಕೊಡುತ್ತಿದ್ದಳು. "ಮಿನಾಜ, ನೀ ನಮಾಜಿನ್ಯಾಗ ಇಕೀ ಕಣ್ಣಿಂದೂ ಒಂದ ಮಾತ ಹಾಕ" ಎಂದು ನನಗೂ ಕೆಲಸ ಹಚ್ಚಿದ್ದಳು. ನಾನು ಏಳು ವರ್ಷ ಅಲ್ಲಾಹನ ಮುಂದೆ ಇಲ್ಲದ ರೋಗಕ್ಕೆ ದುವಾ ಬೇಡಿದೆ, ನೋಡಿ!

ಮೊದಲು ಪ್ರಮೀಳಾಳ ಬಾಯಿ ಕಟ್ಟಿದ್ದು ಅಂಜಿಕೆ. ಆಮೇಲಾಮೇಲೆ ಅಷ್ಟು ಎಣ್ಣೆ ಹಚ್ಚಿಸಿಕೊಂಡ ನಾಚಿಕೆಯೂ ಸೇರಿಕೊಂಡಿತು.

ಕಳೆದ ವರ್ಷ ಮುರಿಗೆವ್ವನಿಗೆ ಎದೆನೋವು ಬಂತು. ವಿಜಯಪುರದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದಳು. ಇದು ಹೃದಯದ ಕಾಯಿಲೆ, ಹೊಗೆಯಿಂದ ಬಂದದ್ದಲ್ಲ ಎಂದು ಡಾಕ್ಟರು ಹೇಳಿದರು. ಪ್ರಮೀಳಾ ಆ ಮಾತನ್ನು ನಂಬಲೇ ಇಲ್ಲ; ತನಗಾಗಿ ಗೋಡೆಯ ಕಡೆ ಕೂತದ್ದರಿಂದಲೇ ಬಂತೆಂದುಕೊಂಡಳು. ನಾವಿಬ್ಬರೂ ನೋಡಲು ಹೋದ ದಿನ ಮುರಿಗೆವ್ವ ಅವಳ ಕೈ ಹಿಡಿದುಕೊಂಡಳು.

"ಪ್ರಮೀಳಾ, ಅಂಜಿಕಿ ಬರಾಕತ್ತದ ಬೇ. ಜೀವಕ್ಕ ಸಮಾಧಾನ ಆಗೂವಂಗ ಏನರ ಹೇಳ."

ಪ್ರಾರ್ಥನೆ ನಾಲಿಗೆಯ ತುದಿಗೆ ಬಂದಿತ್ತು ಎಂದು ಪ್ರಮೀಳಾ ಆಮೇಲೆ ಹೇಳಿದಳು. ಅಷ್ಟರಲ್ಲಿ ಪಕ್ಕದ ಮಂಚದವರು ಈ ಕಡೆ ತಿರುಗಿದರು.

"ಆರಾಮ ಆಗ್ತದ ಅಕ್ಕಾ" ಎಂದಳು, ಅಷ್ಟೇ.

ಮುರಿಗೆವ್ವ ಮನೆಗೆ ಬಂದು ಮೂರನೆಯ ದಿನ ಬೆಳಿಗ್ಗೆ ತೀರಿಕೊಂಡಳು. ನಾವು ಅಲ್ಲಿಗೆ ಮುಟ್ಟುವಷ್ಟರಲ್ಲಿ ಸತ್ತವರ ಕಣ್ಣು ದಾನ ತೆಗೆದುಕೊಳ್ಳುವ ಡಾಕ್ಟರರ ಗಾಡಿ ಬಂದು ನಿಂತಿತ್ತು. ಮಗ ಸಂಗು ಪ್ರಮೀಳಾಳನ್ನು ಕಂಡವನೇ ಅವರ ಮುಂದೆ ಕರೆದೊಯ್ದ.

"ಇವರಽ ನೋಡ್ರಿ ಸಾಹೇಬ್ರ. 'ನನ್ನ ಕಣ್ಣ ಪ್ರಮೀಳಾಗ ಹಾಕಸ್ರಿ, ಪಾಪ, ಉಣ್ಣೂ ಮುಂದ ಆಕಿಗೆ ಕಣ್ಣ ತಗ್ಯಾಕ ಆಗೂದಿಲ್ಲ' ಅಂತ ಅವ್ವ ಕೈಮ್ಯಾಗ ಕೈ ಹಾಕಿಸ್ಕೊಂಡಾಳ."

ಹಾಗೆ ಹೆಸರು ಹೇಳಿ ಕೊಡಲು ಬರುವುದಿಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ಆದರೂ ಸಂಗುವಿನ ಮುಖ ನೋಡಿ ಪ್ರಮೀಳಾಳನ್ನು ಕೇಳಿದರು.

"ನಿಮ್ಮ ಕಣ್ಣಿಗೆ ಏನಾಗಿದೆಯಮ್ಮಾ?"

ಅಂಗಳದ ತುಂಬ ಬೀಗರು, ನೆಂಟರು, ಊರವರು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ನನ್ನ ಕಣ್ಣಿಗೆ ಏನೂ ಆಗಿಲ್ರಿ" ಎಂದಳು ಪ್ರಮೀಳಾ. "ನಾವು ಯೇಸುನ ನಂಬೀವ್ರಿ. ಉಣ್ಣೂ ಮುಂದ ಪ್ರಾರ್ಥನಾ ಮಾಡ್ತಿದ್ದೆ. ಹೇಳಾಕ ಅಂಜಿ ಕಣ್ಣ ಉರೀತಾವ ಅಂದೆ. ಅಕ್ಕ ಅದನ್ನ ಖರೇ ಅಂತ ತಿಳಕೊಂಡ್ಳು."

ಯಾರೂ ಎದ್ದು ಹೋಗಲಿಲ್ಲ. ಒಬ್ಬ ಮುದುಕಿ ಮಾತ್ರ "ಅಯ್ಯ ಶಿವನ" ಎಂದಳು. ಸಂಗು ಅವಳ ಹತ್ತಿರ ಬಂದ.

"ಅವ್ವಗ ಹೇಳಬೇಕಿತ್ತ ಚಿಗವ್ವಾ. ಆಕಿ ಏನಂತಿದ್ಳು? 'ಲಗೂನ ಮುಗಸ, ರೊಟ್ಟಿ ಆರ್ತಾವ' ಅಂತಿದ್ಳು, ಅಷ್ಟ."

ಆ ಮಾತು ಕೇಳಿ ಪ್ರಮೀಳಾ ಮುರಿಗೆವ್ವನ ಪಾದದ ಬಳಿ ಕೂತು, ಆಸ್ಪತ್ರೆಯಲ್ಲಿ ನುಂಗಿಕೊಂಡ ಪ್ರಾರ್ಥನೆಯನ್ನು ಎಲ್ಲರೆದುರು ಗಟ್ಟಿಯಾಗಿ ಹೇಳಿದಳು. ಕಣ್ಣು ಮಾತ್ರ ಮುಚ್ಚಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತ ಹೇಳಿದಳು.

ಮುರಿಗೆವ್ವನ ಕಣ್ಣು ಯಾರಿಗೆ ಹೋದವೋ ನಮಗೆ ಗೊತ್ತಿಲ್ಲ.

ಈಗ ಶೆಡ್ಡಿನಲ್ಲಿ ಪ್ರಮೀಳಾ ದಿನಾಲು ಎಲ್ಲರಿಗೂ ಕೇಳುವಂತೆ ಪ್ರಾರ್ಥಿಸುತ್ತಾಳೆ. ಹೊಸಬರು ಕೇಳಿದರೆ ಯೇಸುವಿನ ಬಗ್ಗೆ ಅಂಜದೆ ಹೇಳುತ್ತಾಳೆ. ಮುಗಿಯುವ ತನಕ ನಾವು ರೊಟ್ಟಿ ಮುರಿಯದೆ ಕಾಯುತ್ತೇವೆ. ಬಾಗಿಲ ಬಳಿಯ ಜಾಗ ಬಿಟ್ಟು ಅವಳೀಗ ಗೋಡೆಯ ಕಡೆ, ಮುರಿಗೆವ್ವ ಕೂರುತ್ತಿದ್ದಲ್ಲಿ ಕೂರುತ್ತಾಳೆ. ಎಷ್ಟು ಬೈದರೂ ಏಳುವುದಿಲ್ಲ. ಹೊಗೆಗೆ ಅವಳ ಕಣ್ಣು ಈಗ ನಿಜವಾಗಿಯೂ ಉರಿಯುತ್ತವೆ, ಸಂಜೆ ಹೊತ್ತಿಗೆ ಕೆಂಪಾಗಿರುತ್ತವೆ. ಒಂದು ದಿನ ನಾನೇ ಹರಳೆಣ್ಣೆ ತಂದೆ. ಅವಳು ತಲೆ ಮುಟ್ಟಗೊಡಲಿಲ್ಲ.