ಕಾಕಾ ಇಳಿಸಿಟ್ಟ ಫೇಡರುಗಳು

ಮೊನ್ನೆ, ಸದ್ದು ಏರಿಸಿ ಇಳಿಸುವ ಜಾರುಗುಂಡಿಗಳಿರುವ ಫೇಡರ್ ಪೆಟ್ಟಿಗೆಯ ಸಂದುಗಳಿಗೆ ಕ್ಲೀನಿಂಗ್ ಸ್ಪ್ರೇ ಹೊಡೆದೆ. ಸೀಮೆಎಣ್ಣೆಗೆ ಹತ್ತಿರದ ಆ ವಾಸನೆ ಗೋಕಾಕದ ನನ್ನ ಕೋಣೆಯನ್ನು ತುಂಬುತ್ತಲೇ ಮೂಡಲಗಿಯ ಸೌಂಡ್ ಕಾಕಾ ನೆನಪಾದರು. ಅವರ ಅಂಗಿಗೂ ಇದೇ ವಾಸನೆ…

ಅದೇ ಊರಿನ ನಮ್ಮ ಹವ್ಯಾಸಿ ನಾಟಕ ತಂಡದ ಮೈಕ್ ಸೆಟ್ ನೋಡಿಕೊಂಡು, ತಗಡು ಅಲುಗಾಡಿಸಿ ಗುಡುಗು ತರುತ್ತಿದ್ದವರು ಅವರು. ಶಾಲೆಯ ಮಾಸ್ತರನಾದ ನಾನು ಲ್ಯಾಪ್‌ಟಾಪಿನಲ್ಲಿ ಸದ್ದು ಹುಟ್ಟಿಸುವ ಸಿಂಥಸೈಜರ್ ಸಾಫ್ಟ್‌ವೇರ್ ಹಾಕಿಕೊಂಡು ಆ ಗುಡುಗನ್ನು ಕಿತ್ತುಕೊಂಡೆ. ಅದರ ಪರದೆಯಲ್ಲಿ ಬರೀ ಚಿತ್ರದ ಡಬ್ಬಿಗಳು, ಚಿತ್ರದ ವಾಯರುಗಳು. ಮಳೆ, ಗಾಳಿ, ಗುಡುಗುಗಳನ್ನು ಏರಿಸಿ ಇಳಿಸಲು ಮಾತ್ರ ಮೇಜಿನ ಮೇಲೆ ನಿಜವಾದ ಫೇಡರ್ ಪೆಟ್ಟಿಗೆ.

ಕಾಕಾ ಬಗ್ಗಿ ನೋಡಿದರು. "ಕೈಗೆ ಸಿಗದ ವಾಯರ್ ಹರದ್ರ ಹ್ಯಾಂಗ ಜೋಡಸ್ತೀರಿ, ಮಾಸ್ತರ್ರ?"

ನಕ್ಕೆ. ಆದರೆ ಇದು ಪ್ರಶ್ನೆಯೋ ಬೆದರಿಕೆಯೋ ಎಂದು ಎರಡು ದಿನ ಯೋಚಿಸಿದೆ.

ತಾಲೀಮು ಮುಗಿದು ನಾನು ಲ್ಯಾಪ್‌ಟಾಪ್ ಮುಚ್ಚಿದಾಗಲೆಲ್ಲ ಅವರು ಮೈಕ್ ಸೆಟ್ಟಿನ ಹಳೆಯ ರೂಢಿಯಂತೆ ಎಲ್ಲ ಫೇಡರುಗಳನ್ನೂ ಕೆಳಗಿಳಿಸಿ ಹೋಗುತ್ತಿದ್ದರು. ಮರುದಿನ ಲ್ಯಾಪ್‌ಟಾಪಿನಲ್ಲಿ ಗಾಳಿ ನಿನ್ನೆಯಷ್ಟೇ ಜೋರಾಗಿ ಬೀಸುತ್ತಿರುತ್ತಿತ್ತು. ನಾನು ಫೇಡರ್ ಮುಟ್ಟಿದೊಡನೆ ಸಾಫ್ಟ್‌ವೇರಿನ ಸದ್ದು ಫೇಡರ್ ಇದ್ದ ಕೆಳಮಟ್ಟಕ್ಕೇ ಹಾರಿ, ಗಾಳಿ ತಟ್ಟನೆ ಸತ್ತುಹೋಗುತ್ತಿತ್ತು. ಮ್ಯಾನುವಲ್ ಓದುವ ಬದಲು ನಾನು ಕಾಕಾ ಅವರ ಮುಖ ಓದಿದೆ. ಹೊಟ್ಟೆಕಿಚ್ಚು ಎಂದು ತೀರ್ಮಾನಿಸಿದೆ.

ಹುಕ್ಕೇರಿಯ ಪ್ರದರ್ಶನದ ಹಿಂದಿನ ದಿನ ಹೇಳಿಯೇಬಿಟ್ಟೆ: "ನಾಳಿ ನೀವು ಬರೂದು ಬ್ಯಾಡ್ರಿ ಕಾಕಾ. ಗಾಡ್ಯಾಗ ಜಾಗಾ ಇಲ್ಲ."

ಎರಡು ಸೀಟು ಖಾಲಿ ಇದ್ದವು.

ಅವರು ಟೋಪಿ ಸರಿಮಾಡಿಕೊಂಡರು. "ಆತೇಳ್ರಿ. ಶುರು ಮಾಡೂ ಮುಂದ ಎಲ್ಲಾ ಕೆಳಗ ಇಳಸ್ರಿ. ಆಮ್ಯಾಲ ಸಾವಕಾಶ ಏರಸ್ರಿ."

ಇದರಲ್ಲೂ ಏನೋ ಮಸಲತ್ತಿದೆ ಎನಿಸಿತು. ಮರುದಿನ ಲ್ಯಾಪ್‌ಟಾಪ್ ತೆರೆಯುವ ಮೊದಲು ಬೇಕೆಂದೇ ಎಲ್ಲ ಫೇಡರುಗಳನ್ನೂ ಮೇಲಿಟ್ಟೆ.

ತಾಯಿ ಸಾಯುವ ದೃಶ್ಯ. ಲ್ಯಾಪ್‌ಟಾಪಿನಲ್ಲಿ ಗುಡುಗು ಸೊನ್ನೆಯಲ್ಲಿತ್ತು. ದೂರದಿಂದ ಮೆಲ್ಲಗೆ ಬರಲಿ ಎಂದು ಫೇಡರಿಗೆ ಬೆರಳು ತಾಗಿಸಿದೆ, ಅಷ್ಟೇ. ಒಮ್ಮೆಲೇ ತುದಿಗೇರಿ ಸಿಡಿದ ಗುಡುಗಿಗೆ ಸತ್ತ ತಾಯಿ ಎದ್ದು ಕೂತಳು.

"ಯವ್ವಾ, ಇನ್ನೊಮ್ಮಿ ಸಾಯಬೇಕಾತಲ್ಲ ನೀ," ಎಂದರು ಮುಂದಿನ ಸಾಲಿನವರೊಬ್ಬರು.

ಮರುವಾರ ಮೂಡಲಗಿಗೆ ಹೋದೆ. ಸುದ್ದಿ ನನಗಿಂತ ಮೊದಲೇ ತಲುಪಿತ್ತು. "ಸತ್ತಾಕಿನ್ನ ಎಬ್ಬಿಸಿದ್ರಂತಲ್ರಿ ಮಾಸ್ತರ್ರ? ನನ್ನ ತಗಡಿಗೆ ಅಷ್ಟು ಶಕ್ತಿ ಇರಲಿಲ್ಲ ಬಿಡ್ರಿ," ಎಂದು ಕಾಕಾ ಚಹಾ ಕೊಟ್ಟರು. ಗಾಡಿಯಲ್ಲಿ ಜಾಗವಿತ್ತು ಎಂಬ ಮಾತನ್ನು ಚಹಾದ ಜೊತೆ ನುಂಗಿದೆ… ಮುಂದಿನ ತಾಲೀಮಿನಲ್ಲಿ ಹೇಳಿದರಾಯಿತು ಎಂದುಕೊಂಡೆ. ಆ ತಾಲೀಮಿಗೆ ಮೊದಲೇ ಅವರು ತೀರಿಕೊಂಡರು.

ನನ್ನ ಸುಳ್ಳು ಅವರಿಗೆ ಗೊತ್ತಿತ್ತೇ? ಈಗ ಕೇಳೋಣವೆಂದರೆ ಅವರಿಲ್ಲ. ಅಂದು ಹುಕ್ಕೇರಿಗೆ ಗಾಡಿ ಹಾದುಹೋದದ್ದು ಅವರ ಮನೆಯ ಮುಂದಿನಿಂದಲೇ. ಕಟ್ಟೆಯ ಮೇಲೆ ಕೂತಿದ್ದರೋ ಇಲ್ಲವೋ… ನಾನು ಆ ಕಡೆ ನೋಡಲಿಲ್ಲ.