ತಿಳೀಲಿಲ್ರಿ ಸರ

ದಶರಥ ಕಾಂಬಳೆ ಸರ್ ಏಳನೆಯ ತರಗತಿಗೆ ಗಣಿತ ಕಲಿಸುತ್ತಾರೆ. ನಾನು ಶುಭಾಂಗಿ, ಪಕ್ಕದ ಕೋಣೆಯಲ್ಲಿ ಕನ್ನಡ. ಐನಾಪುರದ ಹತ್ತಿರದ ನಮ್ಮ ಶಾಲೆಯಲ್ಲಿ ಈ ಎರಡು ಕೋಣೆಗಳ ನಡುವಿನ ಗೋಡೆ ಹೆಸರಿಗಷ್ಟೇ ಗೋಡೆ. ಸರ್ ದನಿಯೋ, ಹೊಲದ ಆಚೆ ಬದುವಿನವರನ್ನು ಕರೆಯುವಂಥದ್ದು. ನನ್ನ ಮಕ್ಕಳು ನನ್ನ ಪಾಠಕ್ಕಿಂತ ಅವರ ಗಣಿತವನ್ನೇ ಹೆಚ್ಚು ಕೇಳಿರಬೇಕು. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಮನುಷ್ಯ. ಆದರೆ ಒಂದು ಮಗುವಿನ ಮೇಲೂ ಕೈ ಎತ್ತಿದವರಲ್ಲ.

ಸೋಮವಾರ ಭಿನ್ನರಾಶಿ ನಡೆದಿತ್ತು. ಸಾಲು ಸಾಲಿಗೂ ಸರ್ "ತಿಳೀತೇನ?" ಎನ್ನುವುದು, ಇಡೀ ತರಗತಿ "ತಿಳೀತ್ರಿ ಸರ!" ಎಂದು ಕೂಗುವುದು. ಅವರಿಗೆ ಅದೇಕೋ ಅನುಮಾನ ಬಂತು. ಬೇಕೆಂದೇ ಹಲಗೆಯ ಮೇಲೆ ಅರ್ಧಕ್ಕೆ ಕಾಲು ಕೂಡಿಸಿ, ಉತ್ತರ ಆರರಲ್ಲಿ ಎರಡು ಭಾಗ ಎಂದು ಬರೆದರು. ಅಂದರೆ ಅರ್ಧ ರೊಟ್ಟಿಗೆ ಕಾಲು ರೊಟ್ಟಿ ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆಯಾಯಿತು!

"ತಿಳೀತೇನ?"

"ತಿಳೀತ್ರಿ ಸರ!"

ಊಟದ ಬಿಡುವಿನಲ್ಲಿ ಸರ್ ಅನ್ನ ಮುಟ್ಟಲಿಲ್ಲ. "ಇಷ್ಟ ವರ್ಷ ಗ್ವಾಡಿಗೆ ಪಾಠ ಹೇಳೇನ್ರಿ ಟೀಚರ," ಎಂದರು. ನನಗೆ ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು.

ಮಂಗಳವಾರ ಹೊಸ ಕಾಯ್ದೆ ಬಂತು: 'ತಿಳೀತ್ರಿ' ಬಂದ್. ತಿಳಿಯದವರು ಎದ್ದು ನಿಂತು 'ತಿಳೀಲಿಲ್ರಿ' ಎನ್ನಬೇಕು. ಅವತ್ತು ಒಬ್ಬರೂ ತುಟಿ ಬಿಚ್ಚಲಿಲ್ಲ. ಬುಧವಾರ ಕುನಾಲ ಎಂಬ ಹುಡುಗ ಎದ್ದು ಹಾಗೆಂದ, ಅವನನ್ನು ನೋಡಿ ಇನ್ನೂ ಮೂರ್ನಾಲ್ಕು ಮಕ್ಕಳು. ಆದರೆ ಸರ್ ಕಣ್ಣೆಲ್ಲ ಕೋಮಲಳ ಮೇಲೆ. ಕುರಿ ಸಾಕುವ ಮನೆಯ ಹುಡುಗಿ. ಪಾಠದಲ್ಲಿ ಕೋಲೆಬಸವನ ಹಾಗೆ ತಲೆಯಾಡಿಸಿ, ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಡುತ್ತಿದ್ದಳು. ಹೀಗೆ ಬಾಯಿ ಮುಚ್ಚಿಕೊಂಡೇ ಹೈಸ್ಕೂಲಿಗೆ ಹೋದರೆ ಅಲ್ಲಿ ಒಂದು ವರ್ಷವೂ ನಿಲ್ಲುವುದಿಲ್ಲ, ಶಾಲೆ ಬಿಡುತ್ತಾಳೆ ಎಂಬುದೇ ಅವರ ಚಿಂತೆ.

ಗುರುವಾರ ಅವಳ ತಾಯಿ ಭೀಮಾಬಾಯಿ ಕುರಿ ಹೊಡೆದುಕೊಂಡು ಶಾಲೆಯ ಮುಂದೆ ಹೊರಟಿದ್ದಳು. ಸರ್ ಓಡಿಹೋಗಿ ತಡೆದರು. ನಾನು ಕಟ್ಟೆಯ ಮೇಲೆ ನಿಂತು ಕೇಳುತ್ತಿದ್ದೆ.

"ನಿಮ್ಮ ಕೋಮಲ ತಿಳೀಲಿಲ್ಲ ಅಂತ ಒಮ್ಮಿನೂ ಅನ್ನಂಗಿಲ್ಲಲ್ರಿ, ಯಾಕ?"

"ಹೆಂಗ ಅಂತಾಳ್ರಿ ಸರ?" ಭೀಮಾಬಾಯಿಗೇ ಆಶ್ಚರ್ಯ. "ನೀವು ಅಷ್ಟ ಒದರಿ ಒದರಿ ಹೇಳಿದ ಮ್ಯಾಲ ತಿಳೀಲಿಲ್ಲ ಅಂದ್ರ, ಮಾಸ್ತರಗ ಕಲಸಾಕ ಬರಂಗಿಲ್ಲ ಅಂದಂಗ ಆಗತೈತಲ್ರಿ. ಅಂಥಾ ಮಾತ ಆಡಬ್ಯಾಡ ಅಂತ ನಾನ ಹೇಳೇನಿ."

ಮಕ್ಕಳು ತಮ್ಮ ಸಿಟ್ಟಿಗೆ ಹೆದರಿದ್ದಾರೆ ಎಂದುಕೊಂಡಿದ್ದರು ಸರ್. ಇಲ್ಲಿ ನೋಡಿದರೆ, ಅವರ ಮಾನ ಉಳಿಸಲೆಂದು ಒಂದು ಹುಡುಗಿ ಇಷ್ಟು ದಿನ ದಡ್ಡಿ ಅನ್ನಿಸಿಕೊಂಡಿದ್ದಳು! ಭೀಮಾಬಾಯಿಯನ್ನು ತರಗತಿಯ ಬಾಗಿಲಿಗೇ ಕರೆತಂದರು. ಶಾಲೆಯ ದಾಸವಾಳದ ಗಿಡ ಕುರಿಗಳ ಪಾಲಾದದ್ದು ಅವತ್ತೇ.

"ಏ ಕೋಮಲ," ಎಂದಳು ತಾಯಿ, "ಸರಗ ಬ್ಯಾಸರ ಆಗಂಗಿಲ್ಲಂತ. ತಿಳೀದಿದ್ರ ಕೇಳವಾ."

ಕೋಮಲ ತಲೆಯಾಡಿಸಿದಳು. ಅವಳು ಎಲ್ಲದಕ್ಕೂ ತಲೆಯಾಡಿಸುವವಳೇ, ಏನು ನಂಬುವುದು!

ಶುಕ್ರವಾರ ಸರ್ ಮನೆಯಿಂದ ರೊಟ್ಟಿ ತಂದು ಮುರಿದು ತೋರಿಸಿ ಪಾಠ ಮಾಡಿದರು. ಆಗ ಗೋಡೆಯಾಚೆ ಸಣ್ಣದೊಂದು ದನಿ ಕೇಳಿತು: "ತಿಳೀಲಿಲ್ರಿ ಸರ." ಕೋಮಲ! ನಾನು ಬರೆಯುವುದನ್ನು ನಿಲ್ಲಿಸಿದೆ. ಸರ್ ಇನ್ನೊಮ್ಮೆ ಹೇಳಿದರು.

"ಈಗ?"

"ಇಲ್ರಿ."

ಮತ್ತೊಮ್ಮೆ ಹೇಳಿದರು.

"ಇನ್ನೂ ತಿಳೀಲಿಲ್ರಿ. ನೀವು ಭಾಳ ಗಡಿಬಿಡಿ ಮಾಡ್ತೀರಿ ಸರ."

ಇನ್ನೇನು ಸಿಡಿಲು ಬೀಳುತ್ತದೆ ಎಂದು ಕಾದೆ. ಬೀಳಲಿಲ್ಲ. ಸರ್ ನನ್ನ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಕಾಲು ರೊಟ್ಟಿ, ಕಣ್ಣಲ್ಲಿ ನೀರು.

"ಟೀಚರ, ಕೋಮಲಗ ತಿಳಿದಿಲ್ಲಂತ್ರಿ!" ಎಂದರು, ಮಗಳ ಹೆರಿಗೆ ಸುಸೂತ್ರವಾದ ಸುದ್ದಿ ಹೇಳುವವರ ಹಾಗೆ.

"ಹಂಗಾದ್ರ ಇಲ್ಲಿ ಯಾಕ ನಿಂತೀರಿ ಸರ?" ಎಂದೆ.

"ಯಾರಿಗರೆ ಹೇಳಬೇಕಾಗಿತ್ರಿ," ಎಂದು ಕಣ್ಣೊರೆಸಿಕೊಂಡು, ನಾಲ್ಕನೆಯ ಸಲ ಹೇಳಿಕೊಡಲು ಹೊರಟರು.